14 ಎಂದು ಬರೆದ ಸ್ಪ್ರಿಂಗ್ 9ಕ್ಕೇ ತೆರೆದರೆ, ಈ ವೇಸ್ಟ್‌ಗೇಟ್ ಹಾಕಬಹುದೇ?

ಬನ್ನಿಮಂಟಪ ಟರ್ಬೊ: ಹಳೆಯ ಪೆಟ್ರೋಲ್ ಕಾರಿಗೆ ಟರ್ಬೊ ಕೂರಿಸುತ್ತಿದ್ದೇನೆ. ಹೆಸರಿಲ್ಲದ 38 ಎಂಎಂ ವೇಸ್ಟ್‌ಗೇಟ್ (ಬೂಸ್ಟ್, ಅಂದರೆ ಟರ್ಬೊ ತುಂಬುವ ಗಾಳಿಯ ಒತ್ತಡ, ಮಿತಿ ಮೀರದಂತೆ ಎಕ್ಸಾಸ್ಟ್ ಹೊಗೆಯನ್ನು ಪಕ್ಕಕ್ಕೆ ಬಿಡುವ ವಾಲ್ವ್) ತರಿಸಿದೆ, ಹೆಸರಾಂತ ಕಂಪನಿಯದರ ಕಾಲುಭಾಗದ ಬೆಲೆಯೂ ಇಲ್ಲ. ಸ್ಪ್ರಿಂಗ್ 14 ಪಿಎಸ್‌ಐ ಎಂದು ಪೆಟ್ಟಿಗೆ ಹೇಳುತ್ತದೆ. ಕಂಪ್ರೆಸರ್ ಗಾಳಿ ಕೊಟ್ಟರೆ 9ಕ್ಕೇ ವಾಲ್ವ್ ಏಳುತ್ತದೆ. ಗಾಳಿ ಹಿಡಿದಿಟ್ಟರೆ ಗೇಜಿನ ಮುಳ್ಳು ಇಳಿಯುವುದಿಲ್ಲ. ವಾಲ್ವ್‌ಗೆ ಆಯಸ್ಕಾಂತ ಅಂಟುತ್ತದೆ. ಹಾಕಬಹುದೇ?

ಹೆಬ್ಬಾಳ ಲೇತ್: ಆಯಸ್ಕಾಂತ ಅಂಟಿತೇ? ಅಲ್ಲಿಗೆ ಮುಗಿಯಿತು. ಅದು ಸ್ಟೇನ್‌ಲೆಸ್ ಅಲ್ಲ, ಬರೀ ಕಬ್ಬಿಣ. ವಾಪಸು ಕಳುಹಿಸಿ.

ಮದ್ದೂರು ಡೀಸೆಲ್: "ಬರೀ ಕಬ್ಬಿಣ" ಎಂದು ಯಾರು ಹೇಳಿಕೊಟ್ಟರು? 304 ದರ್ಜೆಯ ಉಕ್ಕಿಗೆ ಅಂಟುವುದಿಲ್ಲ, 410 ಮತ್ತು 420ಕ್ಕೆ ಅಂಟುತ್ತದೆ. ಎಲ್ಲವೂ ಸ್ಟೇನ್‌ಲೆಸ್ಸೇ. ಮನೆಯ ಚಾಕುವಿಗೆ ಹಿಡಿದು ನೋಡಿ.

ಹೆಬ್ಬಾಳ ಲೇತ್: ಚಾಕುವಿನಲ್ಲಿ ಈರುಳ್ಳಿ ಹೆಚ್ಚುತ್ತಾರೆ, ಎಕ್ಸಾಸ್ಟ್ ಒಳಗೆ ಇಡುವುದಿಲ್ಲ. ಟರ್ಬೊ ಪೆಟ್ರೋಲ್ ಎಂಜಿನ್ ಪೂರ್ತಿ ಭಾರದಲ್ಲಿದ್ದಾಗ ಅಲ್ಲಿನ ಶಾಖ 900 ಡಿಗ್ರಿ ಸೆಲ್ಸಿಯಸ್ ಮುಟ್ಟುತ್ತದೆ. ಬೇಕಾದದ್ದು ಶಾಖ ತಡೆಯುವ 21-4ಎನ್ ಉಕ್ಕು ಅಥವಾ ಇಂಕೊನೆಲ್ ಮಿಶ್ರಲೋಹ. ಎರಡಕ್ಕೂ ಆಯಸ್ಕಾಂತ ಅಂಟುವುದಿಲ್ಲ.

ಕುವೆಂಪುನಗರ 44: ಆಯಸ್ಕಾಂತ ಬಿಟ್ಟು 9ರ ಬಗ್ಗೆ ಮಾತನಾಡಿ. ಮೇಜಿನ ಮೇಲೆ ವಾಲ್ವ್ ಮುಖಕ್ಕೆ ಎಕ್ಸಾಸ್ಟ್ ಒತ್ತಡ ಇರುವುದಿಲ್ಲ. ಗಾಡಿಯಲ್ಲಿ ಅದೂ ಸೇರಿ ತಳ್ಳುವುದರಿಂದ 9ಕ್ಕಿಂತಲೂ ಮೊದಲೇ ತೆರೆದುಕೊಳ್ಳುತ್ತದೆ. 14 ಎಂಬುದು ಬರೀ ಸ್ಟಿಕ್ಕರ್.

ಮದ್ದೂರು ಡೀಸೆಲ್: ಮೊದಲು "ಕಬ್ಬಿಣ", ಈಗ "21-4ಎನ್". ಲೇತ್‌ನವರು ಸದ್ದಿಲ್ಲದೆ ಮಾತು ತಿರುಗಿಸಿದ್ದನ್ನು ಎಲ್ಲರೂ ಗಮನಿಸಿ. ಎಷ್ಟೋ ಎಂಜಿನ್‌ಗಳ ಇನ್‌ಲೆಟ್ ವಾಲ್ವ್‌ಗೂ ಅಂಟುತ್ತದೆ. ಅವೆಲ್ಲ ನಕಲಿಯೋ?

ಹೆಬ್ಬಾಳ ಲೇತ್: ಇನ್‌ಲೆಟ್! ಅದನ್ನು ತಂಪು ಮಾಡಲು ಹೊಸ ಗಾಳಿ ಬರುತ್ತದೆ ಸ್ವಾಮಿ. ನೀವು ಬಿಚ್ಚಿದ್ದು ಎಂಜಿನ್ನೋ ಕಬ್ಬಿನ ಗಾಣವೋ?

ಮದ್ದೂರು ಡೀಸೆಲ್: ಗಾಣ ಬಿಚ್ಚಲೂ ಕೈಯಲ್ಲಿ ಕಸುಬು ಬೇಕು. ಮೈಸೂರಿನವರಿಗೆ ಸಕ್ಕರೆ ಡಬ್ಬಿಯಲ್ಲೇ ಬೆಳೆಯುತ್ತದೆ, ಹೇಳಿ ಪ್ರಯೋಜನವಿಲ್ಲ.

ನಿಯಮಪಾಲಕ: ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಓದಿದ್ದೀರಾ? ತಯಾರಕರ ವಿವರಕ್ಕೆ ಹೊಂದದ ಬದಲಾವಣೆ ಮಾಡುವಂತಿಲ್ಲ.

ಹೆಬ್ಬಾಳ ಲೇತ್: ಕಲಂ ಆಮೇಲೆ. ಡಬ್ಬಿಯ ಮಾತು ಹಿಂದಕ್ಕೆ ತೆಗೆದುಕೊಳ್ಳಲಿ.

ಕುವೆಂಪುನಗರ 44: ಆಯಸ್ಕಾಂತ ಅಂಟಿದ್ದು ವಾಲ್ವ್‌ನ ಸ್ಟೆಮ್‌ಗೋ (ಕಡ್ಡಿ) ಹೆಡ್‌ಗೋ (ಅಗಲವಾದ ತಲೆ)? ಎರಡು ಬಗೆಯ ಉಕ್ಕನ್ನು ಬೆಸೆದು ಮಾಡಿದ ವಾಲ್ವ್‌ಗಳಲ್ಲಿ ಸ್ಟೆಮ್‌ಗೆ ಅಂಟಿ ಹೆಡ್‌ಗೆ ಅಂಟದಿರುವುದು ಸಾಮಾನ್ಯ.

ಬನ್ನಿಮಂಟಪ ಟರ್ಬೊ: ಸ್ಟೆಮ್‌ಗೆ ಮಾತ್ರ. ಹೆಡ್‌ಗೆ ಅಂಟುತ್ತಿಲ್ಲ.

ಮದ್ದೂರು ಡೀಸೆಲ್: ನಾನು ಹೇಳಿದ್ದೂ ಅದೇ. ಅಂಟಿದ ಮಾತ್ರಕ್ಕೆ ಕೆಟ್ಟದ್ದಲ್ಲ. ಇನ್ನು ಬೇಗ ತೆರೆದರೆ ಬೂಸ್ಟ್ ಕಡಿಮೆ, ಎಂಜಿನ್ ಉಳಿಯುತ್ತದೆ. ಹೆಚ್ಚು ಬೇಕೆಂದರೆ ಬೂಸ್ಟ್ ಕಂಟ್ರೋಲರ್ ಹಾಕಿಕೊಳ್ಳಲಿ.

ಕುವೆಂಪುನಗರ 44: "ಎಂಜಿನ್ ಉಳಿಯುತ್ತದೆ" ಎನ್ನುವುದು ಡಯಾಫ್ರಮ್ (ಗಾಳಿಯ ಒತ್ತಡಕ್ಕೆ ಉಬ್ಬಿ ವಾಲ್ವ್ ಎತ್ತುವ ಪೊರೆ) ಹರಿಯುವ ತನಕ. ಹರಿದರೆ ವಾಲ್ವ್ ತೆರೆಯುವುದೇ ಇಲ್ಲ, ಬೂಸ್ಟ್ ಅಳತೆ ಮೀರುತ್ತದೆ. ತಣ್ಣಗಿದ್ದಾಗ ಗಾಳಿ ನಿಂತಿತು ಎಂದು ನಂಬಬೇಡಿ. ಬಿಸಿ ಮಾಡಿ ಮತ್ತೆ ನೋಡಿ, ವಾಲ್ವ್ ಕೂರುವ ಸೀಟಿನ ಮೇಲೆ ಸೀಮೆಎಣ್ಣೆ ಸುರಿದು ಜಿನುಗುತ್ತದೆಯೇ ನೋಡಿ.

ಹೆಬ್ಬಾಳ ಲೇತ್: ಸೀಮೆಎಣ್ಣೆ ಇರಲಿ. ಸ್ಟೆಮ್‌ಗೆ ಅಂಟಿದರೂ ಅಂಟಿದಂತೆಯೇ. ಗೈಡ್ (ಸ್ಟೆಮ್ ಜಾರುವ ಕೊಳವೆ) ಒಳಗೆ ತುಕ್ಕು ಹಿಡಿದು ಸಿಕ್ಕಿಕೊಳ್ಳುವುದು ಅದೇ ಭಾಗ. ಹೆಡ್‌ನ ಫೋಟೊ ಹಾಕಿ, ಬೆಸುಗೆಯ ಗೆರೆ ಕಾಣಬೇಕು.