ಸಹಾಯ ಬೇಕು: ಟೊಮ್ಯಾಟೊ ಗಿಡ ಹಸಿರಾಗಿದ್ದಂಗೇ ಬಾಡ್ತಿದೆ

ನಮಸ್ಕಾರ ಎಲ್ರಿಗೂ, ನಾವು ಬೆಂಗಳೂರಲ್ಲಿ ಸರ್ಕಾರಿ ಕ್ವಾರ್ಟರ್ಸ್‌ನೋರು, ಬ್ಲಾಕ್ ಹಿಂದೆ ಕಸ ಹಾಕ್ತಿದ್ದ ಜಾಗ ಕ್ಲೀನ್ ಮಾಡಿ 14 ಮನೆಯವ್ರು ಸೇರಿ ತರಕಾರಿ ಹಾಕಿದೀವಿ. ಬಸಳೆ, ದಂಟು ಸೊಂಪಾಗಿದೆ (ಹಂಚಿ ಹಂಚಿ ಸಾಕಾಗಿದೆ!), ಆದ್ರೆ ಟೊಮ್ಯಾಟೊ, ಬದನೆ ಎರಡೇ ದಿನದಲ್ಲಿ ಬಾಡಿ ಬೀಳ್ತಿದೆ, ಎಲೆ ಹಳದಿನೂ ಆಗಲ್ಲ. ನೀರು ಕಮ್ಮಿ ಮಾಡಿದ್ವಿ, ಬೇವಿನ ಹಿಂಡಿ ಹಾಕಿದ್ವಿ, ಏನೂ ಪ್ರಯೋಜನ ಆಗ್ಲಿಲ್ಲ. ಕಾಂಡ ಕತ್ತರಿಸಿ ಗ್ಲಾಸ್ ನೀರಲ್ಲಿಟ್ರೆ ಹಾಲಿನ ಥರ ಬಿಳಿ ಎಳೆ ಇಳೀತು, ಅಂದ್ರೆ ಬ್ಯಾಕ್ಟೀರಿಯಾ ಸೊರಗು ರೋಗನೇ ಅನ್ಸುತ್ತೆ.

ಹೆಸರಘಟ್ಟದ ತೋಟಗಾರಿಕೆ ಸಂಶೋಧನಾ ಸಂಸ್ಥೆ ಐಐಹೆಚ್‌ಆರ್‌ದು ಅರ್ಕಾ ರಕ್ಷಕ್ ಅನ್ನೋ ಟೊಮ್ಯಾಟೊ ತಳಿ ಈ ರೋಗನ ತಡ್ಕೊಳುತ್ತೆ ಅಂತಾರೆ. ಕನ್ಫ್ಯೂಷನ್ ಇಷ್ಟೇ, ಅದನ್ನ ಇದೇ ಮಣ್ಣಲ್ಲಿ ಈಗ್ಲೇ ಹಾಕ್ಬಹುದಾ, ಇಲ್ಲ ಮೊದ್ಲು ಜೋಳ ಬೆಳೆದು ಒಂದು ವರ್ಷ ಬಿಡ್ಬೇಕಾ? ಮಾಡಿ ನೋಡಿರೋರು ಹೇಳಿ ಪ್ಲೀಸ್.