‘ಲ್ಯಾಂಡ್‌ಲಾಕ್ಡ್’, ‘ಟ್ರಾನ್ಸಿಟ್’, ‘ಬಫರ್’: ಕನ್ನಡದಲ್ಲಿ ಏನನ್ನೋಣ?

ಸಿರ್ಸಿಯಲ್ಲಿ ಹೈಸ್ಕೂಲು ಮಕ್ಕಳಿಗಾಗಿ ನೇಪಾಳದ ಬಗ್ಗೆ ಒಂದು ಬರಹ ತಯಾರು ಮಾಡುತ್ತಿದ್ದೇನೆ. ಮೂರು ಪದಗಳಿಗೆ ನಿಮ್ಮ ಸಹಾಯ ಬೇಕು.

ಮೊದಲನೆಯದು ‘ಲ್ಯಾಂಡ್‌ಲಾಕ್ಡ್’. ‘ಭೂಆವೃತ’, ‘ಭೂಬಂಧಿತ’ ಎರಡೂ ಬಳಕೆಯಲ್ಲಿವೆ. ನೇಪಾಳಿಗರು ‘ಭೂಪರಿವೇಷ್ಟಿತ’ ಅನ್ನುತ್ತಾರೆ. ನನಗೆ ‘ಕಡಲಿಲ್ಲದ ದೇಶ’ ಸಾಕು ಅನ್ನಿಸುತ್ತದೆ. ಮಕ್ಕಳಿಗೆ ಕೂಡಲೇ ತಿಳಿಯುತ್ತದೆ.

ನಿಜವಾಗಿ ತೊಡಕಾಗಿರುವುದು ‘ಟ್ರಾನ್ಸಿಟ್’. ‘ಸಾಗಣೆ’ ಎಂದರೆ ಲಾರಿ, ಬಾಡಿಗೆ ನೆನಪಾಗುತ್ತದೆ. ಇಲ್ಲಿನ ವಿಷಯವೇ ಬೇರೆ. ನೇಪಾಳದ ಸರಕು ಕೋಲ್ಕತ್ತಾ ಅಥವಾ ಹಲ್ದಿಯಾದಲ್ಲಿ ಇಳಿಯುತ್ತದೆ. ಅಲ್ಲಿಂದ ಸುಮಾರು 700 ಕಿ.ಮೀ. ರೈಲಿನಲ್ಲಿ ನೇಪಾಳದ ಗಡಿ ಊರು ಬೀರ್‌ಗಂಜ್‌ನ ಒಣ ಬಂದರಿಗೆ, ಅಂದರೆ ಕಡಲಿಲ್ಲದ ಕಡೆ ಸರಕು ಇಳಿಸುವ ನಿಲ್ದಾಣಕ್ಕೆ, ಹೋಗುತ್ತದೆ. (ಆ ಬಂದರು ಇರುವ ಜಾಗದ ಹೆಸರು ಸಿರ್ಸಿಯಾ! ನಮ್ಮ ಮಕ್ಕಳಿಗೆ ಖುಷಿಯಾಗುತ್ತದೆ.) ಗಡಿಯವರೆಗೂ ಅಷ್ಟೂ ದಾರಿ ಭಾರತದ್ದು. 1989ರ ಮಾರ್ಚ್‌ನಲ್ಲಿ ಈ ದಾರಿಗಾಗಿ ಭಾರತದ ಜೊತೆ ಮಾಡಿಕೊಂಡಿದ್ದ ಒಪ್ಪಂದದ ಅವಧಿ ಮುಗಿದಾಗ ಗಡಿಯ ಎರಡೇ ದಾರಿಗಳು ತೆರೆದಿದ್ದವು. 2015ರಲ್ಲಿ ಮತ್ತೆ ಸರಕು ನಿಂತಾಗ ನೇಪಾಳದಲ್ಲಿ ಗ್ಯಾಸ್ ಸಿಲಿಂಡರನ್ನು ಅರ್ಧ ಮಾತ್ರ ತುಂಬಿಸಿ ಕೊಟ್ಟರು. ಭಾರತ ತಾನು ತಡೆದಿಲ್ಲ ಎಂದಿತು, ಅವರು ‘ನಾಕಾಬಂದಿ’ ಎಂದರು. ಈ ಪದವನ್ನು ಹಾಗೇ ತರುವಂತಿಲ್ಲ. ನಮಗೆ ನಾಕಾಬಂದಿ ಎಂದರೆ ಪೊಲೀಸರು ರಸ್ತೆಯಲ್ಲಿ ಗಾಡಿ ತಪಾಸಣೆ ಮಾಡುವುದು, ಅಲ್ವಾ? ‘ದಿಗ್ಬಂಧನ’ ಎಂದೇ ಬರೆದಿದ್ದೇನೆ. 2016ರಲ್ಲಿ ನೇಪಾಳ ಚೀನಾದ ಜೊತೆಗೂ ಇಂಥ ಒಪ್ಪಂದ ಮಾಡಿಕೊಂಡಿತು. ಆದರೆ ಆ ಕಡೆಯ ತಿಯಾಂಜಿನ್ ಬಂದರು 3,000 ಕಿ.ಮೀ.ಗಿಂತ ದೂರ, ನಡುವೆ ಹಿಮಾಲಯ.

ಇದಕ್ಕೆಲ್ಲ ‘ದಾರಿ ಹಕ್ಕು’ ಎನ್ನಬಹುದೇ? ಬೇರೆಯವರ ಜಾಗ ದಾಟಿಯೇ ತೋಟಕ್ಕೆ ಹೋಗಬೇಕಾದವರು ನಮ್ಮ ಕಡೆ ಆಡುವ ಮಾತು ಇದೇ. 1982ರ ವಿಶ್ವಸಂಸ್ಥೆಯ ಕಡಲ ಕಾನೂನು ಹೇಳುವುದೂ ಹೆಚ್ಚುಕಡಿಮೆ ಅದನ್ನೇ. ಕಡಲಿಲ್ಲದ ದೇಶಕ್ಕೆ ಕಡಲು ಮುಟ್ಟುವ ಹಕ್ಕಿದೆ, ಹೇಗೆ ಎಂಬುದನ್ನು ಪಕ್ಕದ ದೇಶದ ಜೊತೆ ಮಾತಾಡಿಕೊಳ್ಳಬೇಕು. ಸರ್ವೆ ನಂಬರಿನ ವಾಸನೆ ಜಾಸ್ತಿಯಾಯಿತು ಅನ್ನಿಸಿದರೆ ಬೇರೆ ಪದ ಸೂಚಿಸಿ.

ಕೊನೆಯದು ‘ಬಫರ್ ರಾಜ್ಯ’, ಅಂದರೆ ಎರಡು ದೊಡ್ಡ ದೇಶಗಳು ಒಂದಕ್ಕೊಂದು ತಾಗದಂತೆ ನಡುವೆ ಇರುವ ಚಿಕ್ಕ ದೇಶ. ‘ತಡೆರಾಜ್ಯ’ ನನಗೆ ಒಗ್ಗುತ್ತಿಲ್ಲ. ನೇಪಾಳವನ್ನು ಒಂದುಗೂಡಿಸಿದ ಪೃಥ್ವಿನಾರಾಯಣ ಶಾಹ ತನ್ನ ರಾಜ್ಯವನ್ನು ಎರಡು ಬಂಡೆಗಳ ನಡುವಿನ ಗೆಡ್ಡೆ ಎಂದಿದ್ದ. ‘ತಡೆ’ ಎನ್ನುವುದು ಬಂಡೆಗಳ ಕಡೆಯಿಂದ ನೋಡಿದ ಮಾತು. ಗೆಡ್ಡೆಯ ಕಡೆಯಿಂದ ಹೇಳುವ ಪದ ನನಗೆ ಬೇಕಾಗಿದೆ. ಸದ್ಯಕ್ಕೆ ‘ನಡುವಣ ರಾಜ್ಯ’ ಎಂದು ಇಟ್ಟುಕೊಂಡಿದ್ದೇನೆ. ಬಿಜಾಪುರ, ಕೆಳದಿ, ಗೋವೆಯ ಪೋರ್ಚುಗೀಸರು ಇವರೆಲ್ಲರ ನಡುವೆ ಬಾಳಿದವರು ಸಿರ್ಸಿ ಬಳಿಯ ನಮ್ಮ ಸೋದೆಯ ಅರಸರು. ಅವರ ಕಾಲದ ಕಾಗದಪತ್ರಗಳಲ್ಲಿ ಇಂಥ ರಾಜ್ಯಕ್ಕೆ ಏನಾದರೂ ಪದ ಇದೆಯೇ? ಓದಿದವರು ದಯವಿಟ್ಟು ತಿಳಿಸಿ.