ಕ್ಯಾನುಲಾ ಬದಲಿಸುವ ಮಾತಿಗೆ ಸಹಿ ಯಾರದು?

ಕೇಳಿದವರು: ಶುಶ್ರೂಷಾಧಿಕಾರಿ, ಬಾಗಲಕೋಟೆ

ಹಿರಿಯರೆಲ್ಲರಿಗೂ ನಮಸ್ಕಾರ. ನಾನು ಬಿ.ಎಸ್ಸಿ. ನರ್ಸಿಂಗ್ ಮುಗಿಸಿ ಮೂರು ವರ್ಷದಿಂದ ಪುರುಷರ ಮೆಡಿಸಿನ್ ವಾರ್ಡಿನಲ್ಲಿದ್ದೇನೆ. ರೋಗಿಯ ಕೈಗೆ ಹಾಕಿದ ಕ್ಯಾನುಲಾ (ಔಷಧ, ಸಲೈನ್ ಕೊಡಲು ರಕ್ತನಾಳಕ್ಕೆ ತೂರಿಸುವ ತೆಳು ನಳಿಕೆ) ಎಷ್ಟೇ ಚೆನ್ನಾಗಿದ್ದರೂ ಮೂರು ದಿನಕ್ಕೊಮ್ಮೆ ಅದನ್ನು ತೆಗೆದು ಬೇರೆ ಕಡೆ ಚುಚ್ಚುವ ರೂಢಿ ನಮ್ಮಲ್ಲಿದೆ. ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡ್ ರಾಜ್ಯದ ಮೂರು ಆಸ್ಪತ್ರೆಗಳಲ್ಲಿ 3,283 ರೋಗಿಗಳನ್ನು ಸೇರಿಸಿಕೊಂಡು ನಡೆದ ಅಧ್ಯಯನವೊಂದು 2012ರಲ್ಲಿ ‘ಲ್ಯಾನ್ಸೆಟ್’ ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟವಾಗಿದೆ. ದಿನ ಲೆಕ್ಕ ಹಾಕಿ ಬದಲಿಸಿದವರಲ್ಲಿಯೂ, ತೊಂದರೆ ಕಂಡಾಗ ಮಾತ್ರ ಬದಲಿಸಿದವರಲ್ಲಿಯೂ ರಕ್ತನಾಳದ ಉರಿಯೂತ ಶೇ. 7ರಷ್ಟೇ ಇತ್ತೆಂದು ಅದರಲ್ಲಿದೆ. ಅದನ್ನು ಮುದ್ರಿಸಿಕೊಂಡು ಹೋಗಿ ವಾರ್ಡ್ ಇನ್‌ಚಾರ್ಜ್ ಸಿಸ್ಟರ್ ಅವರಿಗೆ ತೋರಿಸಿದೆ. “ಓದಿದ್ದು ಛಲೋ ಆತವಾ. ಆದ್ರ ಇದಕ್ಕ ಸಹಿ ಯಾರು ಹಾಕ್ತಾರ?” ಎಂದು ಕೇಳಿ, ಹಾಳೆಯನ್ನು ಮಡಚಿ ಮರಳಿ ಕೊಟ್ಟರು. ಅವರು ಸಿಟ್ಟಿನಿಂದ ಕೇಳಿರಲಿಲ್ಲ; ಉತ್ತರ ನನ್ನ ಬಳಿ ಇರಲಿಲ್ಲ, ಅಷ್ಟೇ. ಓದಿದ್ದನ್ನು ವಾರ್ಡಿಗೆ ತರಲು ಹೊರಟಾಗ ನಿಮ್ಮನ್ನು ಏನು ತಡೆಯಿತು, ಅದನ್ನು ಹೇಗೆ ದಾಟಿದಿರಿ ಎಂಬುದನ್ನು ದಯವಿಟ್ಟು ತಿಳಿಸಿ.

ನಿವೃತ್ತ ಶುಶ್ರೂಷಾಧಿಕಾರಿ, ಬೆಳಗಾವಿ

ತಂಗಿ, ನಾನು ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ಹೆರಿಗೆ ಕೋಣೆಯಲ್ಲಿ ಕೆಲಸ ಮಾಡಿದವಳು. ಅಲ್ಲಿ ಹೆರಿಗೆಯ ನಂತರ ಹೋದ ರಕ್ತವನ್ನು ಕಣ್ಣಳತೆಯಲ್ಲಿ ನೋಡಿ ಕೇಸ್ ಶೀಟಿನಲ್ಲಿ ‘200 ಮಿ.ಲೀ.’ ಎಂದು ಬರೆಯುವುದು ರೂಢಿಯಾಗಿತ್ತು. ಬಟ್ಟೆ ಎಷ್ಟೇ ತೊಯ್ದಿರಲಿ, ಆ ಸಂಖ್ಯೆ ಮಾತ್ರ ಅಲುಗುತ್ತಿರಲಿಲ್ಲ. ಈ ವಿಷಯದ ಸಂಶೋಧನೆಗೆ ನಾವು ವಿದೇಶದ ಕಡೆ ನೋಡಬೇಕಾಗಿಯೇ ಇರಲಿಲ್ಲ. ಬೆಳಗಾವಿಯ ಜಿಲ್ಲಾಸ್ಪತ್ರೆಯಲ್ಲಿ 123 ಬಾಣಂತಿಯರನ್ನು ಎರಡು ಗುಂಪು ಮಾಡಿ, ಒಂದು ಗುಂಪಿನಲ್ಲಿ ಕಣ್ಣಳತೆಯಿಂದಲೂ ಇನ್ನೊಂದರಲ್ಲಿ ಸೊಂಟದ ಕೆಳಗೆ ಹಾಸುವ, ಅಳತೆಯ ಗೆರೆಗಳಿರುವ ಪ್ಲಾಸ್ಟಿಕ್ ಚೀಲದಿಂದಲೂ ರಕ್ತವನ್ನು ಅಳೆದ ಅಧ್ಯಯನ 2006ರಲ್ಲಿ ಪ್ರಕಟವಾಯಿತು. ಕಣ್ಣಳತೆಯ ಲೆಕ್ಕ ಚೀಲದ ಲೆಕ್ಕಕ್ಕಿಂತ ಶೇ. 33ರಷ್ಟು ಕಡಿಮೆ ಬಂದಿತ್ತು.

ಅದೇ ವರ್ಷ ‘ಲ್ಯಾನ್ಸೆಟ್’ನಲ್ಲಿ ಬಂದ, ಹೆರಿಗೆಯ ನಂತರದ ರಕ್ತಸ್ರಾವ ತಡೆಯುವ ಮಿಸೋಪ್ರೊಸ್ಟಾಲ್ ಗುಳಿಗೆಯ ಅಧ್ಯಯನ ನಡೆದದ್ದೂ ನಮ್ಮ ಜಿಲ್ಲೆಯ ಹಳ್ಳಿಗಳಲ್ಲಿಯೇ. 1,620 ಮಹಿಳೆಯರ ಪೈಕಿ ಅರ್ಧದಷ್ಟು ಮಂದಿಗೆ ಹೆರಿಗೆಯಾದ ಕೂಡಲೇ 600 ಮೈಕ್ರೋಗ್ರಾಂ ಗುಳಿಗೆಯನ್ನೂ ಉಳಿದವರಿಗೆ ಔಷಧವಿಲ್ಲದ ಗುಳಿಗೆಯನ್ನೂ ಕೊಡಲಾಯಿತು. ಔಷಧವಿಲ್ಲದ ಗುಂಪಿನಲ್ಲಿ ಶೇ. 12ರಷ್ಟಿದ್ದ ಅತಿ ರಕ್ತಸ್ರಾವ ಔಷಧ ಪಡೆದವರಲ್ಲಿ ಶೇ. 6.4 ಮಾತ್ರ ಇತ್ತು. ಗುಳಿಗೆ ಕೊಟ್ಟವರು ದೊಡ್ಡ ಆಸ್ಪತ್ರೆಯ ತಜ್ಞರಲ್ಲ, ಉಪಕೇಂದ್ರಗಳ ಎಎನ್‌ಎಂ (ಸಹಾಯಕ ಶುಶ್ರೂಷಕಿ-ಸೂಲಗಿತ್ತಿ) ಸಹೋದರಿಯರು. 2011ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯು ಇದೇ ಉಪಯೋಗಕ್ಕಾಗಿ ಈ ಔಷಧವನ್ನು ಅಗತ್ಯ ಔಷಧಗಳ ಪಟ್ಟಿಗೆ ಸೇರಿಸಿತು.

ಇಷ್ಟಾದರೂ ನಾನಿದ್ದ ಆಸ್ಪತ್ರೆಯಲ್ಲಿ ಆ ಚೀಲ ಇರಲಿಲ್ಲ. ಎರಡು ಸಲ ಇಂಡೆಂಟ್ (ಸಾಮಗ್ರಿಯ ಬೇಡಿಕೆ ಪತ್ರ) ಬರೆದೆ. ಎರಡೂ ಸಲ ‘ಪಟ್ಟಿಯಲ್ಲಿಲ್ಲದ ವಸ್ತು’ ಎಂಬ ಷರಾದೊಂದಿಗೆ ಮರಳಿ ಬಂತು. ಮೂರನೆಯ ಸಲ ನಾನು ಚೀಲವನ್ನು ಕೇಳಲೇ ಇಲ್ಲ. ಗ್ರಾಂ ತೋರಿಸುವ ಒಂದು ಸಣ್ಣ ತಕ್ಕಡಿಯನ್ನು ಕೇಳಿದೆ, ಸಿಕ್ಕಿತು. ಒಣ ಪ್ಯಾಡಿನ ತೂಕವನ್ನು ಬರೆದು ಗೋಡೆಗೆ ಅಂಟಿಸಿದೆವು. ತೊಯ್ದ ಪ್ಯಾಡನ್ನು ತೂಗಿ, ಒಣ ತೂಕ ಕಳೆದು, ಉಳಿದ ಒಂದು ಗ್ರಾಮಿಗೆ ಸುಮಾರು ಒಂದು ಮಿ.ಲೀ. ಎಂದು ಹಿಡಿದು, ಕಣ್ಣಳತೆಯ ಸಂಖ್ಯೆಯ ಪಕ್ಕದಲ್ಲಿಯೇ ಕೆಂಪು ಪೆನ್ನಿನಿಂದ ಬರೆಯುತ್ತ ಹೋದೆವು. ಒಂದು ತಿಂಗಳಾದ ಮೇಲೆ ಪ್ರಸೂತಿ ವಿಭಾಗದ ವೈದ್ಯರ ಮುಂದೆ ಲ್ಯಾನ್ಸೆಟ್ ಲೇಖನವನ್ನಲ್ಲ, ನಮ್ಮದೇ ರಿಜಿಸ್ಟರನ್ನು ತೆರೆದಿಟ್ಟೆ. ಅವರು ಪುಟ ತಿರುವಿದರು, ಎರಡು ಕಡೆ ಬೆರಳಿಟ್ಟು “ಈ ಪೇಶಂಟ್ ನನಗ ನೆನಪೈತಿ” ಎಂದರು. ಸಹಿ ಅಂದೇ ಬಿತ್ತು. ನಿಮ್ಮ ವಾರ್ಡಿನ ಲೆಕ್ಕ ನಿಮ್ಮ ಕೈಯಲ್ಲಿದೆಯೇ ಎಂಬುದನ್ನು ಮೊದಲು ನೋಡಿಕೊಳ್ಳಿರಿ.

ಸ್ಟಾಫ್ ನರ್ಸ್, ಖಾಸಗಿ ಆಸ್ಪತ್ರೆ, ವಿಜಯಪುರ

ಅಕ್ಕಾವರು ಹೇಳಿದ್ದು ಸರಿ, ಆದರೆ ತಿಂಗಳುಗಟ್ಟಲೆ ಹೆಚ್ಚಿನ ಲೆಕ್ಕ ಬರೆಯುವಷ್ಟು ಕೈಗಳು ಎಲ್ಲ ಕಡೆಯೂ ಇರುವುದಿಲ್ಲ. ನಮ್ಮಲ್ಲಿ ರಾತ್ರಿ ಪಾಳಿಯಲ್ಲಿ ನಲವತ್ತು ಹಾಸಿಗೆಗೆ ಇಬ್ಬರಿರುತ್ತೇವೆ. ಒಬ್ಬರು ಊಟಕ್ಕೆ ಹೋದರೆ ಇನ್ನೊಬ್ಬರ ಪಾಡು ದೇವರಿಗೇ ಪ್ರೀತಿ. ಅದರ ಮೇಲೆ ಇಂಗ್ಲಿಷ್. ಪರೀಕ್ಷೆಗೆ ಓದುವ ಇಂಗ್ಲಿಷ್ ಬೇರೆ, ಸಂಶೋಧನಾ ಲೇಖನದ ಇಂಗ್ಲಿಷ್ ಬೇರೆ. ಅಂಕಿಅಂಶಗಳ ಕೋಷ್ಟಕ ಬಂದ ಕೂಡಲೇ ನಾನೂ ಪುಟ ಹಾರಿಸಿದವಳೇ. ಈಗ ನಾವು ನಾಲ್ಕು ಜನ ಸೇರಿ ವಾರಕ್ಕೆ ಒಂದೇ ಲೇಖನದ ಸಾರಾಂಶವನ್ನು, ಪಬ್‌ಮೆಡ್ ಎಂಬ ವೈದ್ಯಕೀಯ ಲೇಖನಗಳ ಜಾಲತಾಣದಲ್ಲಿ ಉಚಿತವಾಗಿ ಸಿಗುವಷ್ಟನ್ನು ಮಾತ್ರ, ಕನ್ನಡದಲ್ಲಿ ಐದಾರು ಸಾಲು ಬರೆದು ಶುಕ್ರವಾರದ ಹ್ಯಾಂಡೋವರ್ (ಮುಂದಿನ ಪಾಳಿಗೆ ಕೆಲಸ ಒಪ್ಪಿಸುವುದು) ಮುಗಿದ ಮೇಲೆ ಓದುತ್ತೇವೆ. ಯಾರ ಮೇಲೆ ಅಧ್ಯಯನ ಮಾಡಿದರು, ಏನನ್ನು ಯಾವುದರೊಂದಿಗೆ ಹೋಲಿಸಿದರು, ನೂರು ಜನರಲ್ಲಿ ಎಷ್ಟು ಜನರಿಗೆ ವ್ಯತ್ಯಾಸವಾಯಿತು ಎಂಬ ಮೂರಕ್ಕೆ ಉತ್ತರ ಸಿಕ್ಕರೆ ಸಾಕೆಂದು ಇಟ್ಟುಕೊಂಡಿದ್ದೇವೆ. ಹತ್ತು ನಿಮಿಷಕ್ಕಿಂತ ಹೆಚ್ಚು ಹಿಡಿದರೆ ಯಾರೂ ನಿಲ್ಲುವುದಿಲ್ಲ, ಬಸ್ಸು ತಪ್ಪುತ್ತದೆ.

ಪ್ರಾಥಮಿಕ ಆರೋಗ್ಯ ಸುರಕ್ಷಾಧಿಕಾರಿ, ಇಂಡಿ ತಾಲ್ಲೂಕು

ಉಪಕೇಂದ್ರದಲ್ಲಿ ನಾನು ಒಬ್ಬಳೇ. ಚರ್ಚಿಸಲು ಜೊತೆಗಾರರಿಲ್ಲ, ಸಂಜೆಯ ಹೊತ್ತೆಲ್ಲ ಆನ್‌ಲೈನ್ ವರದಿ ತುಂಬಲು ಹೋಗುತ್ತದೆ. ವಿಜಯಪುರದ ಸಹೋದರಿಯರು ಬರೆಯುವ ಕನ್ನಡದ ಸಾಲುಗಳನ್ನು ನಮ್ಮಂಥವರಿಗೂ ಕಳಿಸಿದರೆ ಉಪಕಾರವಾಗುತ್ತದೆ.

ನರ್ಸಿಂಗ್ ಉಪನ್ಯಾಸಕಿ, ಬಾಗಲಕೋಟೆ

ಈ ತಡೆಗಳನ್ನೇ ಅಳೆಯಲು 1991ರಲ್ಲಿ ಅಮೆರಿಕದ ಸಾಂಡ್ರಾ ಫಂಕ್ ಮತ್ತು ಸಂಗಡಿಗರು 29 ಹೇಳಿಕೆಗಳ ಪ್ರಶ್ನಾವಳಿಯೊಂದನ್ನು ರೂಪಿಸಿದರು. ನರ್ಸ್‌ಳ ಸ್ವಂತ ಕೌಶಲ, ಕೆಲಸದ ಜಾಗ, ಸಂಶೋಧನೆಯ ಗುಣಮಟ್ಟ, ಅದನ್ನು ಬರೆದಿರುವ ರೀತಿ ಎಂದು ಅದರಲ್ಲಿ ನಾಲ್ಕು ಗುಂಪುಗಳಿವೆ. ಅನೇಕ ದೇಶಗಳಲ್ಲಿ ಇದನ್ನು ಬಳಸಿದ್ದಾರೆ. ಆರೈಕೆಯ ಕ್ರಮವನ್ನು ಬದಲಿಸುವ ಅಧಿಕಾರ ತನಗಿಲ್ಲ, ಕೆಲಸದ ನಡುವೆ ಸಮಯವಿಲ್ಲ ಎಂಬ ಎರಡು ಉತ್ತರಗಳು ಮತ್ತೆ ಮತ್ತೆ ಮೇಲೆ ಬರುತ್ತವೆ. ನಿಮ್ಮ ಇನ್‌ಚಾರ್ಜ್ ಸಿಸ್ಟರ್ ಒಂದೇ ವಾಕ್ಯದಲ್ಲಿ ಹೇಳಿದ್ದೂ ಮೊದಲನೆಯದನ್ನೇ. ನಮ್ಮ ಕಡೆಯ ತಪ್ಪನ್ನೂ ಒಪ್ಪಿಕೊಳ್ಳಬೇಕು: ‘ಯೋಜಿತ ಬೋಧನಾ ಕಾರ್ಯಕ್ರಮದ ಪರಿಣಾಮ’ ಎಂಬ ಶೀರ್ಷಿಕೆಯ ಎಂ.ಎಸ್ಸಿ. ಪ್ರಬಂಧಗಳನ್ನು ನಾನೇ ಎಷ್ಟೋ ಮಾಡಿಸಿದ್ದೇನೆ. ರೆಕ್ಸಿನ್ ಹೊದಿಕೆ ಹಾಕಿಸಿಕೊಂಡು ಅವು ಕಪಾಟಿನಲ್ಲಿವೆ, ಮಾಹಿತಿ ಕೊಟ್ಟ ವಾರ್ಡುಗಳಿಗೆ ಒಂದು ಪುಟವೂ ಮರಳಿ ಹೋಗಲಿಲ್ಲ.

ಆದರೆ ನಿಮ್ಮ ಕ್ಯಾನುಲಾದ ವಿಷಯದಲ್ಲಿ ಒಂದು ಎಚ್ಚರಿಕೆಯ ಮಾತು. 2012ರ ಲೇಖನದ ಮೇಲೆ ನಿಂತುಬಿಡಬೇಡಿ. ಸ್ವಿಟ್ಜರ್ಲೆಂಡಿನ ಜಿನೀವಾ ವಿಶ್ವವಿದ್ಯಾಲಯದ ಆಸ್ಪತ್ರೆಗಳಲ್ಲಿ ನಾಲ್ಕು ದಿನಕ್ಕೊಮ್ಮೆ ಬದಲಿಸುವ ಪದ್ಧತಿಯನ್ನು 2018ರಲ್ಲಿ ಕೈಬಿಟ್ಟು, ತೊಂದರೆ ಕಂಡಾಗ ಮಾತ್ರ ಬದಲಿಸತೊಡಗಿದರು. ಕ್ಯಾನುಲಾದಿಂದ ರಕ್ತಕ್ಕೆ ಹತ್ತುವ ಸೋಂಕು ಹೆಚ್ಚಿದ್ದು ಕಂಡು 2019ರಲ್ಲಿ ಹಳೆಯ ಪದ್ಧತಿಗೇ ಮರಳಿದರು. ನಾಲ್ಕು ಲಕ್ಷಕ್ಕೂ ಹೆಚ್ಚು ಕ್ಯಾನುಲಾಗಳ ಆ ಲೆಕ್ಕ 2021ರಲ್ಲಿ ಪ್ರಕಟವಾಗಿದೆ. ಅಂಥ ಸೋಂಕು ಅಪರೂಪದ್ದು, ಅದಕ್ಕೇ ಮೂರು ಸಾವಿರ ರೋಗಿಗಳ ಅಧ್ಯಯನದಲ್ಲಿ ಅದರ ವ್ಯತ್ಯಾಸ ಕಾಣದೇ ಹೋಗಬಹುದು. ತೊಂದರೆ ಕಂಡಾಗ ಬದಲಿಸುವುದೆಂದರೆ, ತೊಂದರೆಯನ್ನು ಕಾಣಲು ಪ್ರತಿ ಪಾಳಿಯಲ್ಲಿಯೂ ಯಾರಾದರೂ ಕ್ಯಾನುಲಾ ಚುಚ್ಚಿದ ಜಾಗವನ್ನು ನೋಡಲೇಬೇಕು. ಇಬ್ಬರೇ ಇರುವ ರಾತ್ರಿ ಪಾಳಿಯಲ್ಲಿ ಅದು ಆಗದಿದ್ದರೆ, ದಿನ ಲೆಕ್ಕದ ಹಳೆಯ ನಿಯಮವೇ ರೋಗಿಗೆ ರಕ್ಷಣೆ. ನಿಮ್ಮ ಹಿರಿಯರು ಅದನ್ನು ಬಿಡಲೊಪ್ಪದಿರುವುದನ್ನು ಬರೀ ಹಟವೆಂದು ನಾನು ಹೇಳಲಾರೆ.

ಆದ್ದರಿಂದ ನಿಯಮ ಬಿಡಿ ಎಂದು ಕೇಳುವ ಬದಲು, ನೋಡುವ ಕ್ರಮವನ್ನು ಮೊದಲು ಕೇಳಿ. ಸೊನ್ನೆಯಿಂದ ಐದರವರೆಗೆ ಅಂಕ ಕೊಡುವ ಸರಳ ಪಟ್ಟಿಯೊಂದಿದೆ: ಚುಚ್ಚಿದ ಜಾಗ ಸರಿಯಾಗಿದ್ದರೆ ಸೊನ್ನೆ, ಸ್ವಲ್ಪ ನೋವೋ ಕೆಂಪೋ ಇದ್ದರೆ ಒಂದು, ನೋವು, ಕೆಂಪು, ಬಾವು ಇವುಗಳಲ್ಲಿ ಎರಡು ಕಂಡರೆ ಎರಡು. ಅಂಕ ಎರಡಾದರೆ ಕ್ಯಾನುಲಾ ತೆಗೆಯಬೇಕು. ಇದಕ್ಕೆ ವೈದ್ಯರ ಆರ್ಡರ್ ಬೇಡ, ನೋಡಿ ಬರೆಯುವುದು ನಮ್ಮದೇ ಕೆಲಸ. ಮೂರು ತಿಂಗಳ ಅಂಕಗಳು ಕೂಡಿದ ಮೇಲೆ ಒಂದೇ ಪುಟದ ಟಿಪ್ಪಣಿಯನ್ನು ಮೇಟ್ರನ್ (ನರ್ಸ್‌ಗಳ ಮುಖ್ಯಸ್ಥೆ) ಅವರ ಮೂಲಕ ಸೋಂಕು ನಿಯಂತ್ರಣ ಸಮಿತಿಗೆ ಕೊಡಿ. ಸಹಿ ಹಾಕಬೇಕಾದದ್ದು ಅಲ್ಲಿ.

ಕೇಳಿದವರು

ಎಲ್ಲರಿಗೂ ಧನ್ಯವಾದಗಳು. ಜಿನೀವಾದ ವಿಷಯ ನನಗೆ ಗೊತ್ತಿರಲಿಲ್ಲ, ಓದಿದೆ. ನಿನ್ನೆ ಆ ಅಂಕಪಟ್ಟಿಯನ್ನು ಕನ್ನಡದಲ್ಲಿ ಬರೆದು ಇನ್‌ಚಾರ್ಜ್ ಸಿಸ್ಟರ್ ಅವರಿಗೆ ಕೊಟ್ಟೆ. ಈ ಸಲ ಅವರು ಹಾಳೆಯನ್ನು ಮಡಚಲಿಲ್ಲ. ಟಿಪಿಆರ್ (ಜ್ವರ, ನಾಡಿ, ಉಸಿರಾಟ ಬರೆಯುವ) ಚಾರ್ಟಿನ ಕೊನೆಯಲ್ಲಿ ಸ್ಕೇಲಿನಿಂದ ತಾವೇ ಒಂದು ಹೊಸ ಗೆರೆ ಎಳೆದು, ಮೊದಲ ದಿನದ ಅಂಕಗಳನ್ನು ಬರೆಯಲು ನನ್ನನ್ನು ಆರನೆಯ ಹಾಸಿಗೆಯ ಕಡೆ ಕಳಿಸಿದರು.